ಹನ್ನೊಂದನೆಯ ಮಣೆ

ಟೀಚರಮ್ಮನ ಗಂಟಲಿನ ಮೇಲೆ ಯಾವಾಗಲೂ ಪುಟ್ಟ ಪುಟ್ಟ ಬಿಳಿ ಬೆರಳಚ್ಚುಗಳಿರುತ್ತಿದ್ದವು. ಸೀಮೆಸುಣ್ಣ ಹಿಡಿದ ಕೈಯನ್ನೇ ಮಕ್ಕಳು ಅವರ ಗಂಟಲಿಗೆ ಒತ್ತಿ ಹಿಡಿಯುತ್ತಿದ್ದರು. ಅವರು ‘ಅಮ್ಮ’ ಎಂದರೆ ಒಳಗೆ ಏನು ನಡುಗುತ್ತದೆ ಎಂಬುದನ್ನು ಕಿವಿ ಕೇಳದ ಮಕ್ಕಳು ಅಂಗೈಯಿಂದ ತಿಳಿಯುವ ಪಾಠ ಅದು. ಸಂಜೆ ಕೊಟ್ಟೂರಿನ ಬಸ್ ಸ್ಟ್ಯಾಂಡಿನಲ್ಲಿ ಹರಪನಹಳ್ಳಿ ಬಸ್ಸಿಗಾಗಿ ನಿಂತಾಗ ಅವರ ಕುತ್ತಿಗೆಯ ಮುಂಭಾಗ ಅರ್ಧ ಸುಣ್ಣ ಬಳಿದು ಬಿಟ್ಟ ಗೋಡೆಯಂತೆ ಕಾಣುತ್ತಿತ್ತು. ಗುರುತಿಲ್ಲದ ಹೆಂಗಸರು, “ಯಾಕವ್ವಾ, ಗಂಟಲು ನೋವೇನು, ಸುಣ್ಣ ಹಚ್ಚೀರಿ” ಎಂದು ಕೇಳುತ್ತಿದ್ದರು.

“ಹ್ಞೂಂ ನೋಡ್ರಿ. ಹತ್ತು ಮಂದಿ ಡಾಕ್ಟ್ರು ಕೂಡಿ ಹಚ್ಯಾರ” ಎನ್ನುತ್ತಿದ್ದರು ಇವರು. ನಗುತ್ತಿರಲಿಲ್ಲ. ನಗು ಕೇಳಿದವರಿಗೆ ಬಿಟ್ಟದ್ದು.

ನಾನು ಆಗ ದನದ ದಲಾಲ. ಈಗ ನನಗೆ ಹಗ್ಗ, ಮೂಗುದಾರ, ಗಂಟೆ, ಗೆಜ್ಜೆಗಳ ಸ್ವಂತ ಅಂಗಡಿ ಇದೆ. ಆದರೆ ತೊಂಬತ್ತರ ದಶಕದ ಆ ವರ್ಷಗಳಲ್ಲಿ ಹೆಗಲ ಮೇಲಿನ ಒಂದು ಟವೆಲ್ಲೇ ನನ್ನ ಅಂಗಡಿ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟೆ. ಮಿಕ್ಕಿದ್ದನ್ನು ಸಂತೆ ಕಲಿಸಿತು. ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿ ಎಂದು ವಾರವೆಲ್ಲ ತಿರುಗುತ್ತಿದ್ದೆ. ಓದುವವರಿಗೆ ಉಪಯೋಗದ ಮಾತೊಂದನ್ನು ಇಲ್ಲೇ ಹೇಳಿಬಿಡುತ್ತೇನೆ: ಎತ್ತು ಕೊಳ್ಳಲು ಹೋದಾಗ ಮಾರುವವನು ಎತ್ತಿನ ಯಾವ ಮಗ್ಗುಲಿಗೆ ನಿಂತಿದ್ದಾನೆ ನೋಡಿ. ಐಬು ಆ ಮಗ್ಗುಲಿಗೇ ಇರುತ್ತದೆ. ಐಬು ಎಂದರೆ ದನದ ದೋಷ. ಅದನ್ನು ಮುಚ್ಚಿ ಗುಣವನ್ನಷ್ಟೇ ಆಡುವುದು ನಮ್ಮ ಕಸುಬು.

ಇನ್ನು ಆ ಟವೆಲ್ಲು. ದನದ ಸಂತೆಯಲ್ಲಿ ರೇಟನ್ನು ಬಾಯಿಂದ ಹೇಳುವ ಪದ್ಧತಿ ಇಲ್ಲ. ಕೊಳ್ಳುವವನ ಕೈ ಮಾರುವವನ ಕೈ ಎರಡರ ಮೇಲೂ ಟವೆಲ್ ಹಾಕಿ, ಒಳಗೆ ಬೆರಳು ಹಿಡಿದು ವ್ಯಾಪಾರ ಮಾಡುತ್ತೇವೆ. ಒಂದು ಬೆರಳು ಹಿಡಿದರೆ ಒಂದು, ಇಡೀ ಕೈ ಹಿಡಿದರೆ ಐದು, ಎರಡು ಸಲ ಹಿಡಿದರೆ ಹತ್ತು. ಸುತ್ತ ನಿಂತವರಿಗೆ ಏನೂ ಗೊತ್ತಾಗುವುದಿಲ್ಲ, ಮೂರನೆಯವನು ಕೇಳಲೂಬಾರದು.

ನನ್ನ ಕಿರಿಯ ಮಗಳು ನೀಲಾಗೆ ಆಗ ಆರು ವರ್ಷ. ಹುಟ್ಟಿನಿಂದ ಕಿವಿ ಕೇಳುತ್ತಿರಲಿಲ್ಲ, ಮಾತು ಬಂದಿರಲಿಲ್ಲ. ಕೊಟ್ಟೂರಿನ ಸಂತೆಗೆ ಕರೆದುಕೊಂಡು ಹೋದರೆ ನನ್ನ ಪಕ್ಕದಲ್ಲೇ ಕೂತು ಟವೆಲ್ಲನ್ನು ನೋಡುತ್ತಿದ್ದಳು. ಸಂಜೆ ಮಂಡಕ್ಕಿ ಅಂಗಡಿಯ ಮುಂದೆ ನನ್ನ ಟವೆಲ್ ಎಳೆದು ಕೈಮೇಲೆ ಹಾಕಿ ಎರಡು ಬೆರಳು ಹಿಡಿಯುತ್ತಿದ್ದಳು: ಎರಡು ಮಿರ್ಚಿ ಬಜ್ಜಿ. ನಾನು ಒಂದು ಬೆರಳು ಹಿಡಿಯುತ್ತಿದ್ದೆ. ಅವಳು ಮತ್ತೆ ಎರಡು. ನನ್ನನ್ನು ದಣಿಸಿ ರೇಟು ಒಪ್ಪಿಸಿದವರು ಐದು ತಾಲ್ಲೂಕಿನಲ್ಲಿ ಹೆಚ್ಚಿಲ್ಲ, ಅವರಲ್ಲಿ ಇವಳೊಬ್ಬಳು.

ಆ ವರ್ಷ ನಮ್ಮ ಬೀದಿಯ ಸರ್ಕಾರಿ ಶಾಲೆಯ ಕೊನೆಯ ಕೋಣೆಯಲ್ಲಿ ವಿಶೇಷ ಮಕ್ಕಳ ಕ್ಲಾಸು ಶುರುವಾಯಿತು. ಕಿವಿ ಕೇಳದವರು, ನಿಧಾನವಾಗಿ ಕಲಿಯುವವರು, ಎಲ್ಲ ಸೇರಿ ಹತ್ತೇ ಮಕ್ಕಳಿಗೆ ಜಾಗ. ನಾನು ಬಿಳಿ ಅಂಗಿ ತೊಟ್ಟು ಮಗಳಿಗೆ ಎರಡು ಜಡೆ ಹಾಕಿಸಿ ಕರೆದುಕೊಂಡು ಹೋದೆ. ಬೆಂಚಿರಲಿಲ್ಲ. ನೆಲದ ಮೇಲೆ ಊಟದ ಮಣೆಗಳಂಥ ಹತ್ತು ಮಣೆಗಳು. ಒಂದೊಂದರ ಮೇಲೂ ಬಣ್ಣದಲ್ಲಿ ಒಂದೊಂದು ಚಿತ್ರ: ಮೇಕೆ, ಚಂದ್ರ, ಬಂಡಿ, ಕೊಡ. ಓದಲು ಬಾರದ ಮಗು ತನ್ನ ಚಿತ್ರ ನೋಡಿ ತನ್ನ ಜಾಗ ಗುರುತಿಸಬೇಕು. ಒಂಬತ್ತು ಮಣೆಗಳ ಮೇಲೆ ಮಕ್ಕಳಿದ್ದರು. ಹತ್ತನೆಯದು ಖಾಲಿ, ಅದರ ಮೇಲೆ ಚಿತ್ರವೂ ಇರಲಿಲ್ಲ.

“ಬರ್ರಿ. ಮಗಳು ಹೆಂಗ ಅದಾಳ ಹೇಳ್ರಿ” ಎಂದರು ಟೀಚರಮ್ಮ.

ನಾನು ಹೇಳಿದೆ. ಹೇಗೆ ಹೇಳಿದೆನೆಂದರೆ, ಸಂತೆಯಲ್ಲಿ ಹೇಳುವ ಹಾಗೆ. “ಭಾಳ ಚುರುಕು ಅದಾಳ್ರಿ. ಕಿವಿ ಒಂಚೂರು ಮಂದ, ಅಷ್ಟ. ಬಾಗಿಲಿಂದ ಕೂಗಿದ್ರ ತಿರುಗಿ ನೋಡತಾಳ.”

“ಮಾತು?”

“ಮನ್ಯಾಗ ಎಲ್ಲಾ ಮಾತಾಡತಾಳ್ರಿ. ಹೊರಗ ಬಂದ್ರ ನಾಚಿಕಿ.”

“ಸಿಟ್ಟು, ಹಟ?”

“ಏನೂ ಇಲ್ಲ. ಹಸು ಇದ್ದಂಗ ಅದಾಳ.”

ಇಷ್ಟು ಹೇಳುವಾಗ ನಾನು ಮಗಳ ಮಗ್ಗುಲಿಗೆ ಅಂಟಿಕೊಂಡು, ಅವಳ ಕಿವಿಯ ಮೇಲೆ ಕೈಯಿಟ್ಟು ನಿಂತಿದ್ದೆ. ಟೀಚರಮ್ಮ ಆ ಕೈಯನ್ನೇ ನೋಡಿದರು. ಆಮೇಲೆ, “ಹಂಗಾದ್ರ ನಿಮ್ಮ ಮಗಳಿಗೆ ಈ ಕ್ಲಾಸು ಬ್ಯಾಡ್ರಿ. ಪಕ್ಕದಾಗ ಒಂದನೇ ಕ್ಲಾಸು ಐತಿ, ಅಲ್ಲಿ ಸೇರಿಸ್ರಿ” ಎಂದರು.

ನಾನು ಬಾಯಿ ತೆರೆಯುವಷ್ಟರಲ್ಲಿ ಕೋಗಳಿ ಕಡೆಯ ಮುದುಕಿಯೊಬ್ಬಳು ಮೊಮ್ಮಗಳನ್ನು ಎಳೆದುಕೊಂಡು ಒಳಗೆ ಬಂದಳು. ಅವಳಿಗೆ ಪೀಠಿಕೆ ಗೊತ್ತಿರಲಿಲ್ಲ. “ಇದಕ್ಕ ಕಿವಿ ಕೇಳಂಗಿಲ್ಲವ್ವ. ಮಾತಿಲ್ಲ. ಸಿಟ್ಟು ಬಂದ್ರ ಕಚ್ಚತೈತಿ, ನೋಡು ನನ್ನ ಕೈ. ನಾ ಇರೂದರಾಗ ತನ್ನ ಕೂಳು ತಾ ಉಣ್ಣೂದು ಕಲಿತ್ರ ಸಾಕು” ಎಂದಳು.

ಟೀಚರಮ್ಮ ಕುಂಚ ತೆಗೆದು, ನನ್ನ ಕಣ್ಣೆದುರೇ ಹತ್ತನೆಯ ಮಣೆಯ ಮೇಲೆ ಒಂದು ಕುಂಬಳಕಾಯಿ ಬರೆದರು. ಆ ಹುಡುಗಿ ಬಣ್ಣ ಒಣಗುವ ಮುಂಚೆಯೇ ಅದರ ಮೇಲೆ ಕೂತು ಲಂಗ ಹಳದಿ ಮಾಡಿಕೊಂಡಳು.

ಮನೆಗೆ ಬಂದು ನಡೆದದ್ದನ್ನು ಹೇಳಿದೆ. ನನ್ನ ಹೆಂಡತಿ ಹಿಟ್ಟಿನ ಕೈ ಒರೆಸಿಕೊಳ್ಳುತ್ತ, “ಮಗಳ್ನ ಸೇರ್ಸಾಕ ಹೋಗಿದ್ರೋ, ಎತ್ತು ಮಾರಾಕ ಹೋಗಿದ್ರೋ?” ಎಂದಳು. ಆ ರಾತ್ರಿ ಊಟಕ್ಕೆ ಕೂತಾಗ ರೊಟ್ಟಿಯನ್ನು ನನ್ನ ತಾಟಿಗೆ ಹಾಕಲಿಲ್ಲ, ಎಸೆದಳು.

ಮರುದಿನ ಬೆಳಿಗ್ಗೆ ಶಾಲೆ ಬಾಗಿಲು ತೆರೆಯುವ ಮೊದಲೇ ನಿಂತಿದ್ದೆ. ಟೀಚರಮ್ಮ ಬಸ್ಸಿಳಿದು ಬಂದರು. ಗಂಟಲು ಇನ್ನೂ ಸ್ವಚ್ಛವಾಗಿತ್ತು.

“ನಿನ್ನಿ ಹೇಳಿದ್ದೆಲ್ಲ ಸುಳ್ಳ್ರಿ,” ಎಂದೆ. “ಅಕಿಗೆ ಏನೂ ಕೇಳಂಗಿಲ್ಲ. ಸಿಡಿಲು ಬಡಿದ್ರೂ ಕೇಳಂಗಿಲ್ಲ. ಸಿಟ್ಟು ಬಂದ್ರ ಚರಗಿ ತೂರತಾಳ. ಇಷ್ಟು ವರ್ಷ ಮಾತಾಡಿದ್ದು ನನ್ನ ಜೊತಿ ಒಂದ, ಅದೂ ಟವೆಲ್ ಕೆಳಗ, ಮಿರ್ಚಿ ಸಲುವಾಗಿ.”

ಟವೆಲ್ಲಿನ ಸಂಗತಿಯನ್ನು ಅವರು ಬಿಡಿಸಿ ಬಿಡಿಸಿ ಕೇಳಿದರು. “ಎರಡು ಅಂದಾಗ ಒಂದು ಅಂದ್ರ ತಲಿ ಅಲ್ಲಾಡಸತಾಳ? ಮತ್ತ ಎರಡು ಹಿಡೀತಾಳ? ಅಯ್ಯೋ ಮಾರಾಯ್ರ, ನಿನ್ನಿ ಇದೊಂದು ಹೇಳಿದ್ರ ಸಾಕಾಗಿತ್ತು.” ಕೋಣೆಯ ಬೀಗ ತೆಗೆಯುತ್ತ, “ನನಗ ನಿನ್ನೀನ ಗೊತ್ತಾಗಿತ್ತು. ನಿಮ್ಮ ಬಾಯಿಂದ ಬರಲಿ ಅಂತ ಕಾದೆ. ಅಷ್ಟರಾಗ ಆ ಅಜ್ಜಿ ಬಂದ್ಳು. ಅದು ನನ್ನ ತಪ್ಪು” ಎಂದರು. ತಪ್ಪು ಒಪ್ಪಿಕೊಂಡ ಟೀಚರನ್ನು ನಾನು ನೋಡಿದ್ದು ಅದೇ ಮೊದಲು.

ಚೌಕಾಸಿ ನನ್ನ ರಕ್ತದಲ್ಲಿದೆ. ಹನ್ನೊಂದನೆಯ ಮಣೆ ನಾನೇ ಮಾಡಿಸುತ್ತೇನೆ, ಬೇಕಾದರೆ ಸಾಗವಾನಿಯದು ಎಂದೆ.

“ಮಣಿ ನೀವು ಮಾಡಿಸ್ತೀರಿ. ಹಾಜರಿ ಪುಸ್ತಕದಾಗ ಹನ್ನೊಂದನೇ ಸಾಲು ಯಾರು ಮಾಡಿಸ್ತಾರ? ಹತ್ತು ಅಂತ ಆರ್ಡರ್ ಐತಿ, ಹತ್ತು.” ನಂತರ ನನ್ನ ಕಡೆ ತಿರುಗಿ ಕೂತರು. “ಕೇಳ್ರಿ ದಲಾಲ್ರ. ಒಬ್ಬ ಮಗಳ ಸಲುವಾಗಿ ಕೇಳಿದ್ರ ಇಲ್ಲ ಅನ್ನೂದು ಸಸಾರ. ಹತ್ತು ಮಕ್ಕಳ ಸಲುವಾಗಿ ಕೇಳಿದ್ರ ಇನ್ನೊಂದು ಕ್ಲಾಸು, ಇನ್ನೊಬ್ಬ ಟೀಚರು ಕೊಡಬೇಕಾಕೈತಿ. ನಿಮ್ಮ ನೀಲಾನ್ನ ಹನ್ನೊಂದನೇಕಿ ಅಂತ ತರಬ್ಯಾಡ್ರಿ. ಮುಂದಿನ ಹತ್ತರಾಗ ಮೊದಲನೇಕಿ ಅಂತ ತರ್ರಿ.”

“ಉಳಿದ ಒಂಬತ್ತು ಎಲ್ಲಿ ಅದಾವ್ರಿ?”

“ಅದು ನಿಮಗ ಗೊತ್ತು. ಐದು ತಾಲ್ಲೂಕಿನ ಕೊಟ್ಟಿಗಿ ನೋಡೀರಿ. ಯಾವ ಮನ್ಯಾಗ ಕೂಸನ್ನ ಒಳಗ ಕೂಡಿಸ್ಯಾರ ನಿಮಗ ಗೊತ್ತಿಲ್ಲದ ಯಾರಿಗೆ ಗೊತ್ತು? ದಸರಾ ಸೂಟಿ ಆದಮ್ಯಾಲ ಶಿಕ್ಷಣ ಇಲಾಖಿ ಸಾಹೇಬ್ರು ಬರ್ತಾರ. ಅಷ್ಟರಾಗ ತರ್ರಿ.”

ಎದ್ದು ಹೊರಟವನನ್ನು ನಿಲ್ಲಿಸಿ ಇನ್ನೊಂದು ಮಾತು ಹೇಳಿದರು: “ನಿಮ್ಮ ಸಂತ್ಯಾಗ ಐಬು ಮುಚ್ಚಿದ್ರ ಲಾಭ. ನನ್ನ ಸಂತ್ಯಾಗ ಐಬು ಮುಚ್ಚಿದ್ರ ಮಣಿ ಹೋಗತೈತಿ.” ತಕ್ಷಣ ನಾಲಿಗೆ ಕಚ್ಚಿಕೊಂಡು, “ಕೂಸಿಗೆ ಆ ಶಬ್ದ ಬ್ಯಾಡ. ನಾನೂ ಅನ್ನಬಾರದಿತ್ತು. ಏನು ಐಬು ಅಂತ ಕೇಳಬ್ಯಾಡ್ರಿ, ಏನು ಬೇಕಾಗೈತಿ ಅಂತ ಕೇಳ್ರಿ” ಎಂದರು.

ಒಂದು ಮಗುವಿಗೆ ಜಾಗ ಕೇಳಲು ಹೋದವನು ಒಂಬತ್ತು ಮಕ್ಕಳನ್ನು ಹುಡುಕುವ ಕೆಲಸ ಹೊತ್ತು ಬಂದಿದ್ದೆ. ನನ್ನ ಜೀವಮಾನದಲ್ಲಿ ಅಂಥ ಸೋಲಿನ ವ್ಯಾಪಾರ ಮಾಡಿರಲಿಲ್ಲ.

ಮೊದಲ ಎರಡು ಸಂತೆಗಳಲ್ಲಿ ಯಾರೂ ಬಾಯಿ ಬಿಡಲಿಲ್ಲ. “ನಿಮ್ಮನ್ಯಾಗ ಇಂಥ ಕೂಸು ಐತೇನ್ರಿ” ಎಂದು ಕೇಳಿದರೆ, ಎತ್ತಿನ ಹಲ್ಲು ಎಣಿಸುತ್ತಿದ್ದವರು ಎದ್ದು ಹೋಗುತ್ತಿದ್ದರು. ಒಬ್ಬ ಗೆಳೆಯ, “ಏನಲೇ, ದನ ಬಿಟ್ಟು ಮಕ್ಕಳ ದಲಾಲಿ ಹಿಡಿದೇನು?” ಎಂದು ನಾಲ್ಕು ಜನರೆದುರು ಹಂಗಿಸಿದ. ಕೂಡ್ಲಿಗಿಯ ಸಂತೆಯಲ್ಲಿ ನನಗೆ ಹೊಳೆಯಿತು, ನಾನಿನ್ನೂ ಮಾರುವವನು ನಿಲ್ಲುವ ಮಗ್ಗುಲಿಗೇ ನಿಂತಿದ್ದೇನೆ. ನನ್ನದನ್ನು ಮುಚ್ಚಿಟ್ಟುಕೊಂಡು ಅವರದನ್ನು ತೆಗೆಸಲು ನೋಡುತ್ತಿದ್ದೇನೆ.

ಅಂದು ಹುಣಸೆಮರದ ಕೆಳಗೆ ಹತ್ತಾರು ಜನ ಕೂತಲ್ಲಿ ದೊಡ್ಡ ದನಿಯಲ್ಲೇ ಹೇಳಿದೆ: “ನನ್ನ ಮಗಳಿಗೆ ಕಿವಿ ಕೇಳಂಗಿಲ್ಲ, ಮಾತು ಬರಂಗಿಲ್ಲ. ಕೊಟ್ಟೂರಾಗ ಸಾಲಿಗೆ ಹಾಕಾಕ ಹತ್ತೀನಿ. ಅಲ್ಲಿ ಇಂಥ ಮಕ್ಕಳಿಗೆ ಓದು ಕಲಸ್ತಾರ.”

ಎತ್ತಿನ ವ್ಯಾಪಾರಕ್ಕೆ ಬಂದಿದ್ದ ಗುಡೇಕೋಟೆಯ ರೈತನೊಬ್ಬ ಸುಮ್ಮನೆ ತನ್ನ ಕೈ ಮುಂದೆ ಮಾಡಿದ. ರೇಟು ಕೇಳುತ್ತಾನೆಂದು ನಾನು ಟವೆಲ್ ಹಾಕಿದೆ. ಒಳಗೆ ಅವನು ನನ್ನ ಒಂದು ಬೆರಳು ಹಿಡಿದ. ಒಂದಕ್ಕೆ ಯಾವ ಎತ್ತೂ ಬರುವುದಿಲ್ಲ. ತಮಾಷೆ ಇರಬೇಕೆಂದು ಮುಖ ನೋಡಿದೆ. ಅವನ ಕಣ್ಣು ತುಂಬಿತ್ತು. ಬೆರಳನ್ನು ಇನ್ನಷ್ಟು ಗಟ್ಟಿಯಾಗಿ ಒತ್ತಿದ. ಆಗ ತಿಳಿಯಿತು. ಮನೆಯಲ್ಲಿ ಒಂದು ಕೂಸಿದೆ.

ಬಾಯಿಂದ ಬಾರದ ಮಾತು ಟವೆಲ್ಲಿನ ಕೆಳಗೆ ಬಂತು. ಮುಂದಿನ ಸಂತೆಗಳಲ್ಲಿ ನಾನು ಮೊದಲು ನನ್ನ ಮಗಳ ಸುದ್ದಿ ಹೇಳುವುದು, ಆಮೇಲೆ ಕೈ ಚಾಚಿ ಸುಮ್ಮನೆ ಕೂಡುವುದು. ಸುತ್ತಲಿನವರು ಎತ್ತಿನ ವ್ಯಾಪಾರ ಎಂದುಕೊಳ್ಳುತ್ತಿದ್ದರು. ನೀಲಗುಂದದ ಒಬ್ಬರು ಎರಡು ಬೆರಳು ಹಿಡಿದರು, ಎಷ್ಟು ಹೊತ್ತಾದರೂ ಬಿಡಲಿಲ್ಲ. ನಾನೂ ಬಿಡಿಸಿಕೊಳ್ಳಲಿಲ್ಲ.

ದಸರಾ ಬರುವಷ್ಟರಲ್ಲಿ ನೀಲಾ ಬಿಟ್ಟು ಹದಿನೇಳು ಹೆಸರು ತಂದೆ. ಹೆಚ್ಚು ತಂದರೆ ಒಳ್ಳೆಯದೆಂದು ಎರಡು ಮೂರು ಮಕ್ಕಳನ್ನು ಸುಮ್ಮನೆ ಸೇರಿಸಿದ್ದೆ, ಹಳೆಯ ಚಾಳಿ. ಟೀಚರಮ್ಮ ಒಬ್ಬೊಬ್ಬರನ್ನೇ ಕರೆಸಿ ನೋಡಿದರು. ಒಬ್ಬ ದಡೂತಿ ಹುಡುಗನನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿ, ಹಿಂದೆ ದೂರದಲ್ಲಿ ಒಂದು ಪೆಪ್ಪರ್‌ಮೆಂಟಿನ ಕಾಗದವನ್ನು ಮೆಲ್ಲಗೆ ಬಿಚ್ಚಿದರು. ಹುಡುಗ ಗಿರಕ್ಕನೆ ತಿರುಗಿ ಕೈ ಚಾಚಿದ.

“ದಲಾಲ್ರ, ಇವನ ಕಿವಿ ನನ್ನ ಕಿವಿಗಿಂತ ಚಲೋ ಐತಿ” ಎಂದು ಪೆಪ್ಪರ್‌ಮೆಂಟ್ ಕೊಟ್ಟು ಹೆಸರು ಹೊಡೆದುಹಾಕಿದರು. “ಒಂದು ಸುಳ್ಳು ಹೆಸರು ಸಿಕ್ಕಿದ್ರ ಸಾಹೇಬ್ರು ಉಳಿದ ಹೆಸರೂ ನಂಬಂಗಿಲ್ಲ.”

ಕೊಟ್ಟೂರಿಗೆ ದಿನವೂ ಬಂದು ಹೋಗಬಲ್ಲವರು ನೀಲಾ ಸೇರಿ ಸರಿಯಾಗಿ ಹತ್ತು ಉಳಿದರು. ಗುಡೇಕೋಟೆ, ನೀಲಗುಂದದಂಥ ದೂರದ ಊರಿನ ಮಕ್ಕಳ ಹೆಸರನ್ನು ನೀಲಿ ರಟ್ಟಿನ ಬೇರೆ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಇಷ್ಟು ಕಷ್ಟಪಟ್ಟು ತಂದ ಹೆಸರು ಬಿಡುತ್ತೀರಾ ಎಂದು ನಾನು ಸಿಟ್ಟಾದೆ.

“ಆ ಕೂಸು ಗುಡೇಕೋಟಿಂದ ದಿನಾ ಹೆಂಗ ಬರ್ತೈತ್ರಿ? ಕೂಸು ಕ್ಲಾಸಿಗೆ ಬರಾಕ ಆಗದಿದ್ರ ಕ್ಲಾಸು ಕೂಸಿನ ಹತ್ರ ಹೋಗಬೇಕು. ಬಿಟ್ಟಿಲ್ಲ, ಬರದಿಟ್ಟೀನಿ” ಎಂದರು.

ಸಾಹೇಬರು ಬಂದ ದಿನ ಹತ್ತು ಮಕ್ಕಳು ಕೋಣೆಯೊಳಗೆ, ಹತ್ತು ಮಕ್ಕಳು ತಂದೆತಾಯಿಯರೊಂದಿಗೆ ಪಡಸಾಲೆಯಲ್ಲಿ. ಸಾಹೇಬರು ಒಳ್ಳೆಯವರೇ, ಆದರೆ ಅವಸರದವರು. ಪಟ್ಟಿ ಓದಿ, “ಸದ್ಯಕ್ಕ ಐದು ಮಕ್ಕಳಿಗೆ ಬರೀತೀನಿ ಟೀಚರ. ಉಳಿದಿದ್ದು ಮುಂದಿನ ವರ್ಷ ನೋಡೂಣು” ಎಂದು ಐದು ಬೆರಳು ತೋರಿಸಿದರು.

“ಆಗಂಗಿಲ್ಲ ಸರ್, ಹತ್ತು” ಎಂದು ಟೀಚರಮ್ಮ ಎರಡೂ ಕೈ ತೋರಿಸಿದರು.

ಒಬ್ಬರು ಐದು ತೋರಿಸುವುದು, ಇನ್ನೊಬ್ಬರು ಹತ್ತು ತೋರಿಸುವುದು. ಇದನ್ನು ನೋಡುತ್ತಿದ್ದ ನೀಲಾಗೆ ಏನನ್ನಿಸಿರಬೇಕು? ಇಷ್ಟು ಬಹಿರಂಗವಾಗಿ ಯಾರಾದರೂ ವ್ಯಾಪಾರ ಮಾಡುತ್ತಾರೆಯೇ? ನನ್ನ ಹೆಗಲಿನ ಟವೆಲ್ ಎಳೆದುಕೊಂಡು ನೇರವಾಗಿ ಹೋಗಿ ಸಾಹೇಬರ ಕೈಮೇಲೆ ಹಾಕಿ, ತನ್ನ ಕೈಯನ್ನು ಒಳಗೆ ತೂರಿಸಿದಳು. ಸಾಹೇಬರು ಒಂದು ಕ್ಷಣ ಬೆಚ್ಚಿ, ಆಮೇಲೆ ನಕ್ಕರು. ಅವರೂ ರೈತರ ಮನೆಯವರೇ. ಅವರು ಏನೋ ಹಿಡಿದರು, ಇವಳು ತಲೆ ಅಲ್ಲಾಡಿಸಿದಳು. ಮತ್ತೆ ಹಿಡಿದರು, ಮತ್ತೆ ಅಲ್ಲಾಡಿಸಿದಳು. ಕೊನೆಗೆ ಸಾಹೇಬರು ಕೈ ಹೊರತೆಗೆದು, “ಯಾರ ಮಗಳು ಇಕಿ? ಬಿಡವಲ್ಲಳಲ್ಲ” ಎಂದರು.

“ದಲಾಲ್ರ ಮಗಳು ಸರ್” ಎಂದರು ಟೀಚರಮ್ಮ.

“ಅನ್ಕೊಂಡೆ” ಎಂದು ಸಾಹೇಬರು ಐದನ್ನು ಬಿಟ್ಟು ಹತ್ತು ಬರೆದರು.

ಊರಲ್ಲಿ ಈ ಕಥೆಯನ್ನು ಟವೆಲ್ಲಿನ ಪವಾಡ ಎಂಬಂತೆ ಹೇಳುತ್ತಾರೆ. ನಿಜ ಹೇಳುತ್ತೇನೆ, ನೀಲಾ ಅಂದು ಕೇಳಿದ್ದು ಮಿರ್ಚಿಯೇ ಇರಬೇಕು. ಸಾಹೇಬರನ್ನು ಕಟ್ಟಿಹಾಕಿದ್ದು ಟೀಚರಮ್ಮನ ಪಟ್ಟಿ. ಒಂದೊಂದು ಹೆಸರಿನ ಮುಂದೆ ಮಗುವಿಗೆ ಏನು ಬೇಕು, ಮನೆ ಎಷ್ಟು ದೂರ, ಯಾವ ಬಸ್ಸು, ಕೆಳಗೆ ತಂದೆಯದೋ ತಾಯಿಯದೋ ಹೆಬ್ಬೆಟ್ಟು. ನನ್ನ ಮಾತು ಕೇಳಿ: ಕಚೇರಿಗೆ ಹೋದಾಗ ಅಳಬೇಡಿ, ಪಟ್ಟಿ ಇಡಿ. ಅಳುವಿಗೆ ನಾಳೆ ಬಾ ಎನ್ನಬಹುದು, ಹೆಬ್ಬೆಟ್ಟಿಗೆ ಹಾಗೆ ಅನ್ನುವುದು ಕಷ್ಟ.

ಆರ್ಡರ್ ಬಂತು. ಹೊಸ ಟೀಚರೂ ಬಂದರು. ಬಡಗಿಯಿಂದ ಮಣೆ ಮಾಡಿಸಲು ಹೋದಾಗ ಟೀಚರಮ್ಮ ಹತ್ತಲ್ಲ, ಹನ್ನೊಂದು ಹೇಳಿದರು. ಒಂದು ಯಾಕೆ ಹೆಚ್ಚು ಎಂದೆ.

“ಬಾಗಿಲ ಹತ್ರ ಇಡಾಕ. ಖಾಲಿ ಮಣಿ ಕಣ್ಣಿಗೆ ಬಿದ್ರ ನನಗ ನಾಚಿಕಿ ಆಕೈತಿ. ನಾಚಿಕಿ ಆದ್ರ ಅರ್ಜಿ ಬರೀತೀನಿ.”

ಹಾಗೆಯೇ ಮಾಡಿದರು. ಚಿತ್ರವಿಲ್ಲದ ಆ ಮಣೆ ಬಾಗಿಲಿಗೆ ಒರಗಿಯೇ ಇರುತ್ತಿತ್ತು, ಅವರು ಅರ್ಜಿ ಬರೆಯುತ್ತಲೇ ಇದ್ದರು. ನೀಲಿ ರಟ್ಟಿನ ನೋಟ್‌ಬುಕ್ಕಿನ ಹೆಸರುಗಳನ್ನು ಹಿಡಿದು ಮೊದಲು ಕೂಡ್ಲಿಗಿಗೆ ಒಂದು ಕ್ಲಾಸು ತಂದರು, ಆಮೇಲೆ ಹರಪನಹಳ್ಳಿಗೆ, ಕೆಲವು ವರ್ಷಗಳ ಮೇಲೆ ಹಡಗಲಿಗೆ. ಗುಡೇಕೋಟೆಯ ರೈತ ಮಗನನ್ನು ಕೂಡ್ಲಿಗಿಗೆ ಸೇರಿಸಿದ ದಿನ ನನ್ನ ಮನೆ ಹುಡುಕಿಕೊಂಡು ಬಂದು, ಟವೆಲ್ ಇಲ್ಲದೆಯೇ, ಬೀದಿಯಲ್ಲಿ ಎಲ್ಲರೆದುರು ನನ್ನ ಕೈ ಹಿಡಿದುಕೊಂಡು ನಿಂತ.

ನೀಲಾ ತನ್ನ ಮಣೆಗೆ ಏನು ಚಿತ್ರ ಬೇಕೆಂದು ಕೈಸನ್ನೆಯಲ್ಲಿ ಹೇಳಿದಾಗ ಟೀಚರಮ್ಮ ಹೊಟ್ಟೆ ಹಿಡಿದು ನಕ್ಕರು. ಹಸಿರು ಮೆಣಸಿನಕಾಯಿ ಬರೆದುಕೊಟ್ಟರು. ಲೆಕ್ಕದ ಪಾಠಕ್ಕೆ ನನ್ನ ಹಳೆಯ ಟವೆಲ್ಲೊಂದನ್ನು ಕಾಯಂ ಆಗಿ ತೆಗೆದುಕೊಂಡರು. ಎರಡೂ ಕ್ಲಾಸಿನ ಮಕ್ಕಳು ಕೂಡಿಸುವುದು ಕಳೆಯುವುದು ಅದರ ಕೆಳಗೇ ಕಲಿತರು. ಒಂದು ದಿನ ಸಂತೆಯಲ್ಲಿ ನಾನು ಭರ್ತಿ ವ್ಯಾಪಾರದ ನಡುವೆ ಇದ್ದಾಗ ನೀಲಾ ಬಂದು ನನ್ನ ಗಂಟಲಿಗೆ ಅಂಗೈ ಇಟ್ಟಳು. ನಾನು ಅವಳ ಹೆಸರು ಹೇಳಿದೆ. ಅವಳು ಇನ್ನೊಂದು ಕೈಯನ್ನು ತನ್ನ ಗಂಟಲಿಗೆ ಇಟ್ಟುಕೊಂಡು, ಬಾವಿಯ ತಳದಿಂದ ಬಂದಂಥ ದನಿಯಲ್ಲಿ “ಅಪ್ಪ” ಎಂದಳು. ಅಂದು ಎತ್ತು ಯಾರಿಗೆ ಹೋಯಿತೋ ನನಗೆ ನೆನಪಿಲ್ಲ.

ನೌಕರಿ ಮುಗಿಸಿ ಟೀಚರಮ್ಮ ಹರಪನಹಳ್ಳಿಯ ತಮ್ಮನ ಮನೆಯಲ್ಲಿದ್ದರು. ಒಂದು ಬೇಸಿಗೆಯಲ್ಲಿ ಲಕ್ವ ಹೊಡೆದು ಬಲಗೈ, ಮಾತು ಎರಡೂ ಹೋದವು. ಸುದ್ದಿ ತಿಳಿದು ನೀಲಾಳನ್ನು ಕರೆದುಕೊಂಡು ಹೋದೆ. ಅವಳು ಆಗಲೇ ಹೊಲಿಗೆ ಮಷೀನು ಇಟ್ಟುಕೊಂಡು ತನ್ನ ಕಾಲ ಮೇಲೆ ನಿಂತಿದ್ದಳು, ವಾರಕ್ಕೆರಡು ದಿನ ಅದೇ ಕ್ಲಾಸಿಗೆ ಹೋಗಿ ಮಕ್ಕಳಿಗೆ ಗುಂಡಿ ಹಚ್ಚುವುದನ್ನು ಕಲಿಸುತ್ತಿದ್ದಳು. ಮಂಚದ ಮೇಲೆ ಟೀಚರಮ್ಮ ಮಲಗಿದ್ದರು. ಗಂಟಲು ಸ್ವಚ್ಛವಾಗಿತ್ತು. ಅಷ್ಟು ಸ್ವಚ್ಛವಾದ ಗಂಟಲನ್ನು ನನ್ನಿಂದ ನೋಡಲಾಗಲಿಲ್ಲ.

ನಾನು ಏನು ಮಾತಾಡಲಿ ಎಂದು ತಡವರಿಸುತ್ತಿದ್ದೆ. ಅವರಿಬ್ಬರಿಗೆ ಆ ತೊಂದರೆ ಇರಲಿಲ್ಲ. ಟೀಚರಮ್ಮ ಎಡಗೈಯಿಂದ ಹೊದಿಕೆಯ ಅಂಚನ್ನು ಎತ್ತಿದರು, ನೀಲಾ ಒಳಗೆ ಕೈಯಿಟ್ಟಳು. ಏನೋ ಕೇಳಿದರು. ಇವಳು ಏನೋ ಹೇಳಿದಳು. ಅವರು ತಲೆ ಅಲ್ಲಾಡಿಸಿದರು. ಇವಳು ಮತ್ತೆ ಏನೋ ಹೇಳಿದಳು, ಅವರು ಮತ್ತೆ ತಲೆ ಅಲ್ಲಾಡಿಸಿದರು. ಕೊನೆಗೆ ನೀಲಾ ಒಪ್ಪಿದಳು. ಇಬ್ಬರೂ ನಕ್ಕರು, ಒಬ್ಬರು ಅರ್ಧ ಬಾಯಲ್ಲಿ, ಇನ್ನೊಬ್ಬಳು ತನ್ನ ದೊಡ್ಡ ಒರಟು ದನಿಯಲ್ಲಿ. ಒಳಗಿದ್ದ ತಮ್ಮನ ಹೆಂಡತಿ ಏನಾಯಿತೆಂದು ಓಡಿ ಬಂದರು.

ಬಸ್ ಸ್ಟ್ಯಾಂಡಿನಲ್ಲಿ ಮಗಳನ್ನು ಸನ್ನೆಯಲ್ಲೇ ಕೇಳಿದೆ, ಎಷ್ಟಕ್ಕೆ ಮುಗಿಯಿತು ಎಂದು. ಅವಳು ತುಟಿಯ ಮೇಲೆ ಬೆರಳಿಟ್ಟು, ಮೂರನೆಯವನು ಕೇಳಬಾರದು ಎಂಬಂತೆ ನನ್ನನ್ನೇ ಗದರಿಸಿದಳು.

ಹದಿನೈದು ದಿನಕ್ಕೆ ಟೀಚರಮ್ಮ ಹೋದರು. ಮಣ್ಣಿಗೆ ಐದೂ ತಾಲ್ಲೂಕಿನಿಂದ ಮಕ್ಕಳು ಬಂದಿದ್ದರು. ಅಷ್ಟು ಜನರಿದ್ದೂ ಅಷ್ಟು ಮೌನವಾದ, ಅಷ್ಟು ಕೈಗಳು ಮಾತಾಡಿದ ಮೆರವಣಿಗೆಯನ್ನು ಹರಪನಹಳ್ಳಿ ನೋಡಿರಲಿಕ್ಕಿಲ್ಲ.

ಜೂನ್‌ನಲ್ಲಿ ಶಾಲೆ ತೆರೆದ ದಿನ ನೀಲಾ ಬಡಗಿಯ ಅಂಗಡಿಯಿಂದ ಏನನ್ನೋ ಬಟ್ಟೆಯಲ್ಲಿ ಸುತ್ತಿಕೊಂಡು ಹೋದಳು. ನಾನು ಹಿಂದೆಯೇ ಹೋಗಿ ನೋಡಿದೆ. ಬಾಗಿಲ ಪಕ್ಕದಲ್ಲಿ ಚಿತ್ರವಿಲ್ಲದ ಹಳೆಯ ಮಣೆಗೆ ಒರಗಿಸಿ ಇನ್ನೊಂದು ಹೊಸ ಮಣೆ ಇಟ್ಟಿದ್ದಳು, ಅದರ ಮೇಲೂ ಚಿತ್ರವಿರಲಿಲ್ಲ. ಹೊದಿಕೆಯ ಕೆಳಗೆ ಎಷ್ಟಕ್ಕೆ ಮುಗಿದಿತ್ತೆಂದು ಆಗ ತಿಳಿಯಿತು: ಒಂದಲ್ಲ, ಎರಡು ಖಾಲಿ ಮಣೆ.

ನಾನು ಅಂಗಡಿಗೆ ವಾಪಸು ಬಂದು, ಗಿರಾಕಿಗಳನ್ನು ಸ್ವಲ್ಪ ಕೂಡಿಸಿ, ಒಂದು ಬಿಳಿ ಹಾಳೆ ತೆಗೆದು ಅರ್ಜಿ ಬರೆಯತೊಡಗಿದೆ.